ಏಳು ಸೆಂಟಿಮೀಟರ್ ಸಡಿಲು

ಬೀದರಿನ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ನಮ್ಮ ಹೊಲಿಗೆ ಅಂಗಡಿ. ಅಪ್ಪ ಶೇರ್ವಾನಿ ಹೊಲಿಯುತ್ತಿದ್ದರು, ನಾನು ಕೋಟು, ಸಫಾರಿ, ಪೊಲೀಸರ ಖಾಕಿ. ಹಾಕಿಕೊಂಡವರ ಬೆನ್ನಿನ ಮೇಲೆ ಒಂದು ಸುಕ್ಕು ಕಂಡರೂ ಅಪ್ಪ ಬಟ್ಟೆಯನ್ನು ವಾಪಸು ಇಸಿದುಕೊಂಡು ಬಿಚ್ಚಿಬಿಡುತ್ತಿದ್ದರು. ನನಗೂ ಅದೇ ಚಾಳಿ ಬಂತು.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಹುಡುಗಿ ಭಾರವಾದ ಜಾಕೆಟ್ಟೊಂದನ್ನು ತೋಳ ಮೇಲೆ ಹಾಕಿಕೊಂಡು ಅಂಗಡಿಗೆ ಬಂದಳು. ಠಾಣಾ ಕುಶನೂರಿನ ರೈತರ ಮಗಳು, ಬೀದರಿನಲ್ಲಿ ಕಾಲೇಜು ಓದುತ್ತಿದ್ದಳು. ಜೊತೆಗೆ ಅವಳಿಗೆ ರೈಫಲ್ ಕಲಿಸುವ ಸುಬೇದಾರರು ಇದ್ದರು. ಭಾಲ್ಕಿ ಕಡೆಯ ಮೆಹಕರದವರು, ಸೈನ್ಯದಿಂದ ನಿವೃತ್ತರಾದ ಮೇಲೆ ಬೀದರಿನ ಹತ್ತಿರದ ಕೊಳಾರದಲ್ಲಿ ಖಾಲಿ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಹತ್ತು ಮೀಟರ್ ಏರ್ ರೈಫಲ್ ತರಬೇತಿ ನಡೆಸುತ್ತಿದ್ದರು.

ಜಾಕೆಟ್ ಹೈದರಾಬಾದಿನಲ್ಲಿ ಯಾರೋ ಬಳಸಿ ಮಾರಿದ್ದು. ದಪ್ಪ ಕ್ಯಾನ್ವಾಸು, ಮೊಣಕೈಗೆ ಚರ್ಮ. ಹುಡುಗಿಯ ಮೇಲೆ ಅದು ಗೋಣಿಯಂತೆ ತೂಗುತ್ತಿತ್ತು. ಚಿಕ್ಕದು ಮಾಡಬೇಕಿತ್ತು. ಆದರೆ ಸುಬೇದಾರರು ಮೊದಲೇ ಎಚ್ಚರಿಸಿದರು.

"ಜಾಕೆಟ್ ಭಾಳ ಬಿಗಿ ಆದ್ರ ಅದೇ ಮನುಷ್ಯಾನ ಹಿಡದು ನಿಂದರಸ್ತದ್ರಿ ಮಾಸ್ತರ್. ಅದಕ್ಕ ನಿಯಮ ಮಾಡ್ಯಾರ. ಗುಂಡಿ ಹಾಕಿದ ಜಾಗದಿಂದ ಅಂಚು ಇನ್ನೂ ಏಳು ಸೆಂಟಿಮೀಟರ್ ಎಳದ್ರ ಬರಬೇಕು. ಬಟ್ಟಿ ದಪ್ಪ ಎರಡೂವರಿ ಮಿಲಿಮೀಟರ್ ದಾಟಬಾರದು."

ದಪ್ಪದ ಮಾತನ್ನು ಪಾಲಿಸಿದೆ. ಹೊಲಿಗೆಯ ಒಳಗೆ ಉಳಿದ ಬಟ್ಟೆಯನ್ನು ಮಡಚಿಡದೆ ಪೂರ್ತಿ ಕತ್ತರಿಸಿ ತೆಗೆದೆ. ಸಡಿಲು ಬಿಡುವುದಕ್ಕೆ ಮಾತ್ರ ನನ್ನ ಕೈ ಒಪ್ಪಲಿಲ್ಲ. ಏಳು ಬಿಡಬೇಕಾದಲ್ಲಿ ನಾಲ್ಕು ಬಿಟ್ಟೆ. ಹುಡುಗಿ ಹಾಕಿಕೊಂಡು, ಕನ್ನಡಿಯ ಮುಂದೆ ಎಡಗೈಯನ್ನು ರೈಫಲ್ ಹಿಡಿದಂತೆ ಎತ್ತಿ ನಿಂತಳು.

"ಚಾಚಾ, ಯಾರೋ ಬೆನ್ನ ಹಿಂದ ನಿಂತು ಹಿಡದಂಗ ಅನಸ್ತದ್ರಿ" ಎಂದಳು.

ನನಗೆ ಅಷ್ಟು ಖುಷಿ ಯಾವ ಮದುಮಗನ ಶೇರ್ವಾನಿಯಲ್ಲೂ ಆಗಿರಲಿಲ್ಲ. ಸಂಜೆ ಸುಬೇದಾರರು ಫೋನಿನಲ್ಲಿ, "ಏಳು ಬಿಟ್ಟೀರಿಲ್ರಿ?" ಎಂದು ಕೇಳಿದರು. "ಬಿಟ್ಟೇನ್ರಿ" ಎಂದೆ. ಅವರು ನನ್ನನ್ನು ನಂಬಿದರು, ಅಳೆದು ನೋಡಲಿಲ್ಲ.

ಮೂರು ತಿಂಗಳ ನಂತರ ಅದೇ ಗೋದಾಮಿನಲ್ಲಿ ವಿಭಾಗ ಮಟ್ಟದ ಆಯ್ಕೆ ಸ್ಪರ್ಧೆ ನಡೆಯಿತು. ಹುಡುಗಿಯ ಅಂಕ ಆ ಮೂರು ತಿಂಗಳಲ್ಲಿ ಏರುತ್ತಲೇ ಹೋಗಿತ್ತು. ನಾನು ಅಂಗಡಿ ಮುಚ್ಚಿ ಸ್ಕೂಟರ್ ಮೇಲೆ ನೋಡಲು ಹೋದೆ. ಹೊರಗೆ ಒಂದು ಮೇಜು ಹಾಕಿ ಸಾಮಗ್ರಿಗಳ ತಪಾಸಣೆ ಮಾಡುತ್ತಿದ್ದರು. ರೈಫಲ್ ತೂಗಿದರು, ಐದೂವರೆ ಕಿಲೋದೊಳಗಿತ್ತು. ಬೂಟಿನ ಅಟ್ಟೆ ಬಾಗಿಸಿ ನೋಡಿದರು. ಜಾಕೆಟ್ಟಿನ ದಪ್ಪವೂ ಸರಿ ಬಂತು. ಆಮೇಲೆ ತಪಾಸಣೆಯವರು ಅವಳಿಗೆ ಗುಂಡಿ ಹಾಕಿಸಿ, ತೋಳು ಇಳಿಬಿಡಿಸಿ, ಜಾಕೆಟ್ಟಿನ ಅಂಚನ್ನು ಎಳೆದು ಅಳತೆ ಇಟ್ಟರು. ಎರಡನೆಯ ಸಲ ಎಳೆದರು. ತಲೆ ಅಲ್ಲಾಡಿಸಿದರು.

"ಇದನ್ನ ಯಾರು ಹೊಲಿದದ್ದು?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿದಳು: "ನಾನೇ ಬಿಗಿ ಮಾಡ್ರಿ ಅಂದಿದ್ದೆರಿ ಸರ್. ಚಾಚಾಂದು ತಪ್ಪಿಲ್ಲ."

ಸುಬೇದಾರರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಆಗ ಮಾತಾಡಬಹುದಿತ್ತು, ಮಾತಾಡಲಿಲ್ಲ.

ಮರುತಪಾಸಣೆ ಒಂದೇ ಸಲ, ಅದೂ ಸ್ಪರ್ಧೆ ಶುರುವಾಗುವ ಮೊದಲು. ಬಟ್ಟೆ ಬಿಡಿಸಲು ನಾನು ಒಳಗೆ ಒಂದು ನೂಲಿನಷ್ಟೂ ಉಳಿಸಿರಲಿಲ್ಲ. ಉಳಿದ ದಾರಿ ಒಂದೇ: ಗುಂಡಿಗಳನ್ನು ಕಿತ್ತು ಅಂಚಿನ ಕಡೆ ಸರಿಸುವುದು. ಸ್ಕೂಟರಿನ ಡಿಕ್ಕಿಯಲ್ಲಿ ಸೂಜಿ ದಾರ ಇತ್ತು, ಬೆರಳಿಗೆ ಹಾಕುವ ಅಂಗುಸ್ತಾನ ಇರಲಿಲ್ಲ. ಗೋದಾಮಿನ ಮೆಟ್ಟಿಲ ಮೇಲೆ ಕೂತು ಐದು ಗುಂಡಿ ಕಿತ್ತು ಐದು ಗುಂಡಿ ಹೊಲಿದೆ. ಸೂಜಿಯ ಹಿಂಬದಿ ಬೆರಳಿಗೆ ಹೊಕ್ಕಿತು. ಹುಡುಗಿ ಪಕ್ಕದಲ್ಲಿ ನಿಂತಿದ್ದಳು.

ಜಾಕೆಟ್ ಪಾಸಾಯಿತು. ಆದರೆ ಮೂರು ತಿಂಗಳು ಅವಳ ಮೈ ರೂಢಿಮಾಡಿಕೊಂಡ ಜಾಕೆಟ್ ಅದಾಗಿರಲಿಲ್ಲ. ಅರವತ್ತು ಗುಂಡು, ಒಂದೂಕಾಲು ಗಂಟೆ. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ನಾನು ಹಿಂದಿನ ಬೆಂಚಿನಿಂದ ನೋಡುತ್ತಿದ್ದೆ. ಅವಳು ರೈಫಲ್ ಎತ್ತುತ್ತಿದ್ದಳು, ಹಿಡಿದು ನಿಲ್ಲುತ್ತಿದ್ದಳು, ಹೊಡೆಯದೆ ಇಳಿಸುತ್ತಿದ್ದಳು. ಕೊನೆಯ ಇಪ್ಪತ್ತು ಗುಂಡುಗಳಲ್ಲಿ ಎಷ್ಟು ಸಲ ಹಾಗೆ ಇಳಿಸಿದಳೋ. ಆಯ್ಕೆ ಒಂದು ಸ್ಥಾನದಿಂದ ತಪ್ಪಿತು. ರೈಫಲ್ ನಳಿಕೆ ಖಾಲಿಯೆಂದು ತೋರಿಸುವ ಕಿತ್ತಳೆ ಬಣ್ಣದ ದಾರವನ್ನು ಅದರೊಳಗೆ ಹಾಯಿಸಿ, ರೈಫಲನ್ನು ಪೆಟ್ಟಿಗೆಯಲ್ಲಿಟ್ಟು, ಎಲ್ಲರಿಗೂ ನಮಸ್ಕಾರ ಮಾಡಿ ಹೊರಟಳು.

ನಾನು ಸುಬೇದಾರರ ಬಳಿ ಹೋಗಿ, "ನಿಮಗ ಸುಳ್ಳು ಹೇಳಿದ್ದೆರಿ ಸಾಬ್. ನಾಲ್ಕೇ ಬಿಟ್ಟಿದ್ದೆ" ಎಂದೆ.

ಅವರು ಹುಡುಗಿ ಹೋದ ದಾರಿಯ ಕಡೆ ನೋಡಿದರು. "ನನಗ ಹೇಳಿ ಏನ್ ಮಾಡ್ತೀರಿ? ಅಕಿ ಮನಿಗಿ ಹೋಗಿ ಹೇಳ್ರಿ. ತಪ್ಪು ಮಗಳದೇ ಅಂತ ತಿಳ್ಕೊಂಡು ಕುಂತಿರ್ತಾರ."

ಆ ಭಾನುವಾರ ಔರಾದ ಕಡೆಯ ಬಸ್ಸು ಹತ್ತಿ ಠಾಣಾ ಕುಶನೂರಿಗೆ ಹೋದೆ. ಅಂಗಳದಲ್ಲಿ ಅವಳ ತಾಯಿ ತೊಗರಿ ಕೇರುತ್ತಿದ್ದರು. ಚಹಾ ಕೊಟ್ಟರು. ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ. ತಾಯಿ ಮಗಳ ಮುಖ ನೋಡಿದರು.

"ಅಕಿ ನಮಗೂ ತಾನೇ ಬಿಗಿ ಮಾಡಸ್ದೆ ಅಂತ ಹೇಳ್ಯಾಳ್ರಿ ಅಣ್ಣಾ" ಎಂದರು.

ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು. "ನನಗ ಗೊತ್ತಿತ್ರಿ ಚಾಚಾ. ಮೊದಲ ವಾರನೇ ಟೇಪ್ ಹಿಡದು ಅಳದಿದ್ದೆ. ಅಂಕ ಛಲೋ ಬರ್ಲಿಕತ್ತಿದ್ವು, ಅದಕ್ಕ ಯಾರಿಗೂ ಹೇಳ್ಲಿಲ್ಲ. ತಪ್ಪು ನೀವೊಬ್ಬರೇ ಹೊರಬ್ಯಾಡ್ರಿ."

ಅವಳ ವಯಸ್ಸಿನಲ್ಲಿ ನಾನಾಗಿದ್ದರೆ ಅದನ್ನು ತಾಯಿಯ ಎದುರಿಗೆ ಹೇಳುತ್ತಿರಲಿಲ್ಲ. ತಾಯಿ ಮೊರ ಕೆಳಗಿಟ್ಟು, "ಊಟ ಮಾಡಿ ಹೋಗ್ರಿ" ಎಂದರು. ಮೂವರೂ ಜೋಳದ ರೊಟ್ಟಿ ಉಂಡೆವು. ಜಾಕೆಟ್ಟಿನ ಮಾತು ಮತ್ತೆ ಬರಲಿಲ್ಲ. ಹೊರಡುವಾಗ ಅವಳೇ ಅದನ್ನು ತಂದು ನನ್ನ ಕೈಗಿಟ್ಟಳು.

ಅವಸರದಲ್ಲಿ ಸರಿಸಿದ್ದ ಗುಂಡಿಗಳನ್ನು ಹಿಂದಿನ ಜಾಗಕ್ಕೆ ತಂದು, ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಒಂದೇ ಪದರದ ಕ್ಯಾನ್ವಾಸು ಪಟ್ಟಿಯನ್ನು ಅಂಚಿಗೆ ಅಂಚು ಸೇರಿಸಿ ಕೂರಿಸಿದೆ. ಈ ಸಲ ಸುಬೇದಾರರು ಅಂಗಡಿಗೇ ಬಂದು, ನನ್ನ ಎದುರಿಗೇ, ಮೂರು ಕಡೆ ಅಳೆದರು. ನೋಡಲು ಚೆಂದ ಇರಲಿಲ್ಲ. ಬೆನ್ನಿನಲ್ಲಿ ಸುಕ್ಕು ಬಿದ್ದಿತ್ತು. ಹುಡುಗಿ ಆ ಸಡಿಲಿನಲ್ಲಿ ನಿಲ್ಲುವುದನ್ನು ಮೊದಲಿನಿಂದ ಕಲಿತಳು. ಕೆಲವು ತಿಂಗಳು ಅಂಕ ಬಿದ್ದೇ ಇತ್ತು. ಸೊಂಟ ನೋಯುತ್ತದೆ ಎನ್ನುತ್ತಿದ್ದಳು, ಬಿಡುತ್ತೇನೆ ಎಂದು ಒಮ್ಮೆಯೂ ಅನ್ನಲಿಲ್ಲ.

ಮರುವರ್ಷ ಅವಳು ಆಯ್ಕೆಯಾಗಿ ರಾಜ್ಯ ಮಟ್ಟಕ್ಕೆ ಹೋದಳು. ಅಲ್ಲಿ ಪಟ್ಟಿಯ ಕೆಳಗಿನ ಅರ್ಧದಲ್ಲಿ ಅವಳ ಹೆಸರು ಬಂತು. ಬೆಂಗಳೂರಿನಿಂದ ಫೋನ್ ಮಾಡಿ, "ನನ್ನ ಅಳತಿ ಇಷ್ಟೇರಿ ಚಾಚಾ, ಈಗ ಖರೇ ಗೊತ್ತಾತು" ಎಂದಳು. ದನಿಯಲ್ಲಿ ದುಃಖವಿತ್ತು. ಹಾಗಲ್ಲ ಬೇಟಿ ಎಂದು ಸಮಾಧಾನದ ಮಾತು ನಾಲಗೆಯ ತುದಿಗೆ ಬಂತು, ನುಂಗಿಕೊಂಡೆ. "ಊಟ ಆಯ್ತೇನು?" ಎಂದಷ್ಟೇ ಕೇಳಿದೆ.

ಈಗ ಅವಳು ಭಾಲ್ಕಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಟೀಚರ್. ಸುಬೇದಾರರು ತೀರಿಕೊಂಡ ಮೇಲೆ ಗೋದಾಮಿನ ತರಬೇತಿಯನ್ನು ಅವಳೇ ನಡೆಸುತ್ತಾಳೆ, ಕೀಲಿಯೂ ಅವಳ ಬಳಿಯೇ ಇದೆ.