ಪೀ-ಲಿಯೆನ್‌ಳ ಕೊರಳಿನ ದೊಡ್ಡ ಫೋನು

ನಮ್ಮ ಓಣಿಯ ಬಾಯಲ್ಲಿ ನನ್ನದೊಂದು ಬೆಳಗಿನ ತಿಂಡಿ ಅಂಗಡಿ. ಬಂದವಳು ಹಲ್ಲಿಲ್ಲದ ಮುದುಕಿಯಾದರೂ ಸರಿ, ‘ಸುಂದರಿ, ಏನು ಕೊಡ್ಲಿ?’ ಎಂದು ಕೇಳುವುದು ತಿಂಡಿ ಅಂಗಡಿಯವರ ರೂಢಿ. ಬಾಯಿಗೆ ಅಂಟಿಕೊಂಡ ಮಾತು, ಅದರಲ್ಲಿ ಯಾರೂ ನಿಜ ಹುಡುಕುವುದಿಲ್ಲ. ಪೀ-ಲಿಯೆನ್ ಒಬ್ಬಳನ್ನು ಮಾತ್ರ ಹಾಗೆ ಕರೆಯುವುದನ್ನು ನಾನು ಯಾವತ್ತೋ ಬಿಟ್ಟೆ. ಒಂದು ಬೆಳಿಗ್ಗೆ ಅವಳು ಸ್ಕೂಟರಿನ ಮೇಲೆ ಕೂತೇ ತಿಂಡಿಯ ಪೊಟ್ಟಣಕ್ಕೆ ಕೈಚಾಚಿ ಹೇಳಿದ್ದಳು:

“ಅಕ್ಕಾ, ಹಾಗೆ ಕರೀಬೇಕಾದ ಬಾಯಿ ಒಂದು ದಿನಾನೂ ಕರೀಲಿಲ್ಲ. ನೀನು ದಿನಾ ಕರೆದ್ರೆ ಹೊಟ್ಟೆ ಉರಿಯುತ್ತೆ ಅಷ್ಟೆ.”

ಆ ಬಾಯಿ ಅವಳ ಗಂಡ ಆ-ಬೊಕ್‌ನದು. ಅವನು ಬೊಂಡಾಸ್, ಅಂದರೆ ಸ್ಕ್ವಿಡ್, ಹಿಡಿಯುವ ದೊಡ್ಡ ಹಡಗಿನಲ್ಲಿ ಇಂಜಿನ್ ಮೇಸ್ತ್ರಿ. ನಮ್ಮ ಕಾವ್‌ಶ್ಯುಂಗ್ ಊರಿನ ಮೀನು ಬಂದರಿನಿಂದ ಹೊರಟರೆ ಭೂಮಿಯ ಆ ಮಗ್ಗುಲಿಗೆ, ದಕ್ಷಿಣ ಅಮೆರಿಕದ ಕಡಲಿಗೆ. ಮರಳುವುದು ಎರಡು ವರ್ಷಕ್ಕೊಮ್ಮೆ. ಗಟ್ಟಿ ಮನುಷ್ಯ, ಕುಡುಕನಲ್ಲ, ಹೆಂಡತಿಯ ಮೇಲೆ ಕೈಯೆತ್ತಿದವನಲ್ಲ. ಆದರೆ ಬಾಯಿ ಬಿಟ್ಟರೆ ಮೂರೇ ಮಾತು: ಊಟ ಆಯ್ತಾ, ಮಾಡು ಸೋರ್ತಿದೆಯಾ, ಫೋನ್ ಇಡ್ಲಾ. ಮದುವೆಯಾಗಿ ಇಷ್ಟು ವರ್ಷದಲ್ಲಿ ‘ನಿನ್ನ ನೆನಪು ಬಂತು’ ಎಂಬ ಒಂದು ಮಾತು ಅವನ ಬಾಯಿಂದ ಉದುರಿಲ್ಲ. ಪೀ-ಲಿಯೆನ್‌ಗೆ ಬೇಕಾಗಿದ್ದದ್ದು ಅದೊಂದೇ. ಬಂಗಾರ ಕೇಳಿದವಳಲ್ಲ, ಬಟ್ಟೆಬರೆ ಕೇಳಿದವಳೂ ಅಲ್ಲ.

ಪೀ-ಲಿಯೆನ್‌ಳ ಕೆಲಸ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವುದು. ಮೈ ತೊಳೆಸಬೇಕು, ಉಣ್ಣಿಸಬೇಕು, ಕೈಹಿಡಿದು ನಾಲ್ಕು ಹೆಜ್ಜೆ ನಡೆಸಬೇಕು. ಜನರನ್ನು ಎತ್ತಿ ಎತ್ತಿ ಅವಳ ಮಣಿಕಟ್ಟು ಸದಾ ನೋವು. ಅವಳು ಬಂದಳೆಂದರೆ ನನ್ನ ಕಾವಲಿಯ ಮೂಲಂಗಿ ಕಡುಬಿನ ವಾಸನೆಯನ್ನೂ ಮೀರಿ ನೋವಿನ ಪಟ್ಟಿಯ ಕರ್ಪೂರದ ವಾಸನೆ. ಅವಳ ಬಳಿ ಎರಡು ಫೋನು. ಒಂದು ಆಫೀಸಿನದು, ಅಂಗೈಯಲ್ಲಿ ಅಡಗುವಷ್ಟು ಪುಟ್ಟದು, ಏಪ್ರನ್ನಿನ ಜೇಬಿಗೆ ಹಾಕಿದರೆ ಇದೆಯೆಂದೇ ತಿಳಿಯದು. ಯಾವ ಮನೆಗೆ ಎಷ್ಟು ಹೊತ್ತಿಗೆ ಹೊಕ್ಕಳು, ಎಷ್ಟು ಹೊತ್ತಿಗೆ ಹೊರಬಂದಳು ಎಂಬುದನ್ನು ಅದರಲ್ಲಿ ಒತ್ತಬೇಕು. ಅದರಲ್ಲಿ ಬೇರೆ ಆ್ಯಪ್ ಹಾಕುವಂತಿಲ್ಲ, ಹೊರದೇಶದ ಕರೆಯೂ ಬಾರದು.

ಇನ್ನೊಂದು ಅವಳ ಸ್ವಂತದ್ದು, ಹಡಗು ಹತ್ತುವ ಮೊದಲು ಆ-ಬೊಕ್ ಕೊಡಿಸಿದ್ದು. ಚಿಕ್ಕ ತಟ್ಟೆಯಷ್ಟು ದೊಡ್ಡದು. ಅಂಗಡಿಯಲ್ಲಿ ಇವಳು “ಇಷ್ಟು ದೊಡ್ಡದು ಯಾಕೆ?” ಎಂದು ಕೇಳಿದ್ದಕ್ಕೆ ಅವನು “ನಿಂಗೆ ಕಣ್ಣು ಕಾಣಲ್ಲ” ಎಂದನಂತೆ. ಅದನ್ನೇ ಇವಳು ಒಲವಿನ ಮಾತೆಂದು ಆರು ತಿಂಗಳು ಮೆಲುಕು ಹಾಕಿದಳು. ನನಗೆ ಅವನನ್ನು ಹಿಡಿದು ಎರಡು ಬಾರಿಸಬೇಕೆನ್ನಿಸಿತ್ತು.

ಕೆಲಸದ ಹೊತ್ತಿನಲ್ಲಿ ಸ್ವಂತ ಫೋನು ಒಳಗೆ ಒಯ್ಯಕೂಡದೆಂಬುದು ಆಫೀಸಿನ ಕಟ್ಟಳೆ. ಅದು ಸ್ಕೂಟರಿನ ಸೀಟಿನ ಕೆಳಗಿರಬೇಕು. ಆ-ಬೊಕ್ ನಡುಗಡಲಿನಲ್ಲಿದ್ದಾಗ ಒಂದೆರಡು ಸಾಲು ಬರೆದು ಕಳಿಸಬಲ್ಲ, ಅಷ್ಟೇ. ಮುಖ ನೋಡಿ ಮಾತಾಡಬೇಕಾದರೆ ಹಡಗು ಬಂದರು ಮುಟ್ಟಬೇಕು. ಅವನಿಗೆ ದಡಕ್ಕಿಳಿಯಲು ಬಿಡುವಾಗುವುದು ಎಲ್ಲರಿಗಿಂತ ಕೊನೆಗೆ, ಯಾವ ಗಳಿಗೆಗೆ ಎಂದು ಅವನಿಗೇ ತಿಳಿಯದು. ಅಲ್ಲಿ ಸಂಜೆಯಾದರೆ ಇಲ್ಲಿ ಬೆಳಿಗ್ಗೆ, ಇವಳು ಯಾರದೋ ಬೆನ್ನು ಉಜ್ಜುತ್ತಿರುತ್ತಾಳೆ. ಎಣ್ಣೆ ತುಂಬಿಸಿಕೊಂಡು ಹಡಗು ಹೊರಟಿತೆಂದರೆ ಮತ್ತೆ ಆರೇಳು ತಿಂಗಳ ಮಾತು. ಹೀಗೆ ಎರಡು ಸಲ ಕರೆ ಬಂದು ಎರಡು ಸಲವೂ ತಪ್ಪಿತು.

ಮೊದಲನೆಯ ಸಲ ನಾನು ಅವಳ ಸ್ಕೂಟರಿನ ಸೀಟು ಎತ್ತಿಸಿ ನೋಡಿದೆ. ಫೋನಿನ ಪಕ್ಕದಲ್ಲಿ ಜೋಳದ ಕುರುಕಲು ತಿಂಡಿಯ ಪೊಟ್ಟಣ ಇಟ್ಟಿದ್ದಳು. ಯಂತ್ರದ ಹತ್ತಿರ ಆ ತಿಂಡಿ ಇಟ್ಟರೆ ಯಂತ್ರ ಹೇಳಿದ ಮಾತು ಕೇಳುತ್ತದೆ. ಬ್ಯಾಂಕಿನಲ್ಲೂ ಇಡುತ್ತಾರೆ, ಆಸ್ಪತ್ರೆಯಲ್ಲೂ ಇಡುತ್ತಾರೆ, ನನ್ನ ಸೋಯಾ ಹಾಲಿನ ಯಂತ್ರದ ಮೇಲೂ ಇದೆ. ಆದರೆ ಇವಳು ಇಟ್ಟದ್ದು ಹಳದಿ ಪೊಟ್ಟಣ!

“ನಿಂಗೇನು ತಲೆ ಕೆಟ್ಟಿದೆಯೇನೇ? ಹಸಿರು ಇಡ್ಬೇಕು, ಹಸಿರು! ಹಳದಿ ಇಟ್ರೆ ಯಂತ್ರ ಮುನಿಸ್ಕೊಳ್ಳುತ್ತೆ ಅಂತ ಮಗೂಗೂ ಗೊತ್ತು.”

“ಅಂಗಡೀಲಿ ಹಸಿರು ಮುಗಿದಿತ್ತು ಅಕ್ಕಾ. ಹಳದಿಯಾದ್ರೂ ಇರ್ಲಿ ಅಂತ...”

“ಹಸಿರು ದೀಪ ಇಲ್ಲ ಅಂತ ಕೆಂಪಿಗೇ ನುಗ್ತೀಯಾ?”

ಎರಡನೆಯ ಸಲ ಹಸಿರು ಪೊಟ್ಟಣವೇ ಇತ್ತು, ಅವಧಿಯೂ ಮುಗಿದಿರಲಿಲ್ಲ. ಆದರೂ ಕರೆ ತಪ್ಪಿತು. ಆ ದಿನ ಅವಳು ನನ್ನ ಅಂಗಡಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಅತ್ತಳು. “ಸೀಟಿನ ಕೆಳಗೆ ಅವನು ಕೂಗ್ತಾನೇ ಇದ್ದ, ನಾನು ಗೋಡೆ ಈಚೆಗೆ ಯಾರದೋ ಉಗುರು ಕತ್ತರಿಸ್ತಿದ್ದೆ,” ಎಂದು ಅತ್ತಳು. ಅವಳು ಕೇಳದಿದ್ದರೂ ನಾನು ಎರಡು ಮೊಟ್ಟೆ ಒಡೆದು ಅವಳಿಗೊಂದು ರೊಟ್ಟಿ ಬೇಯಿಸಿದೆ.

ಆಮೇಲೆ ಆಫೀಸಿನವರು ಹೊಸ ಮಾತು ತೆಗೆದರು. ಬೇಕೆಂದವರು ಪುಟ್ಟ ಫೋನನ್ನು ಹಿಂದಿರುಗಿಸಿ, ಕೆಲಸದ ಆ್ಯಪನ್ನು ಸ್ವಂತ ಫೋನಿಗೇ ಹಾಕಿಸಿಕೊಳ್ಳಬಹುದು. ಆಗ ಅದನ್ನು ಮನೆಯೊಳಗೆ ಒಯ್ಯಬಹುದು. ಒಮ್ಮೆ ಆರಿಸಿಕೊಂಡರೆ ವರ್ಷ ಮುಗಿಯುವ ತನಕ ಬದಲಾವಣೆಯಿಲ್ಲ. ಪೀ-ಲಿಯೆನ್ ಎರಡೂ ಫೋನುಗಳನ್ನು ನನ್ನ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟು, ವಧುಪರೀಕ್ಷೆಗೆ ಬಂದವಳ ಹಾಗೆ ನೋಡುತ್ತ ನಿಂತಳು.

“ಪುಟ್ಟದ್ದೇ ಇಟ್ಕೋ,” ಎಂದೆ ನಾನು. “ಹಗುರ ಇದೆ. ಸಂಜೆ ಐದಕ್ಕೆ ಆರಿಸಿಟ್ರೆ ನಿನ್ನ ಪಾಡಿಗೆ ನೀನು. ದೊಡ್ಡದಕ್ಕೆ ಆಫೀಸು ಹೊಕ್ಕಿತು ಅಂದ್ರೆ ಅಜ್ಜ ಮಲಗ್ತಿಲ್ಲ, ಅಜ್ಜಿ ಉಣ್ತಿಲ್ಲ ಅಂತ ಹಗಲೂ ರಾತ್ರಿ ಬಡ್ಕೋತಾರೆ. ಆ ಕೈಯಲ್ಲಿ ಅದನ್ನ ಹೊರೋಕಾಗುತ್ತಾ ನಿಂಗೆ?”

“ಬಡ್ಕೊಳ್ಳೋರಲ್ಲಿ ಒಬ್ಬ ಅವನಾಗಿದ್ರೆ ಸಾಕು ಅಕ್ಕಾ.”

“ಆಗಿ ಏನು ಹೇಳ್ತಾನೆ? ಮಾಡು ಸೋರ್ತಿದೆಯಾ ಅಂತಾನೆ!”

“ಅಂದ್ರೂ ಕೇಳ್ಬೇಕು ನಂಗೆ.” ಅವಳು ಪುಟ್ಟ ಫೋನನ್ನು ನನ್ನತ್ತ ಸರಿಸಿದಳು. “ಮುಖ ನೋಡ್ಕೊಂಡು ಕೇಳ್ಬೇಕು.”

ಮಾತು ಮುಗಿಯಿತು. ಮರುದಿನವೇ ಪುಟ್ಟದ್ದನ್ನು ಒಪ್ಪಿಸಿ ಬಂದಳು. ಜೇಬಿಗೆ ಹಿಡಿಸದ ದೊಡ್ಡದನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಳು. ನಾನು ಹೇಳಿದ್ದೆಲ್ಲ ನಡೆಯಿತು. ಹಗಲೂ ರಾತ್ರಿ ಕರೆಗಳು, ಮಣಿಕಟ್ಟಿನ ಜೊತೆಗೆ ಈಗ ಕುತ್ತಿಗೆಗೂ ನೋವಿನ ಪಟ್ಟಿ. ಅದಲ್ಲದೆ ಕ್ವೇ ಅಜ್ಜಿಯ ಬೈಗುಳ.

ಕ್ವೇ ಅಜ್ಜಿ ನಮ್ಮ ಹಿಂದಿನ ಓಣಿಯವಳು, ಪೀ-ಲಿಯೆನ್ ನೋಡಿಕೊಳ್ಳುವವರಲ್ಲಿ ಒಬ್ಬಳು. ಅಂಗಡಿ ಮುಚ್ಚಿದ ಮೇಲೆ ನಾನೇ ಅವಳಿಗೆ ಗಂಜಿ ಒಯ್ದು ಕೊಡುವುದು. ಕಾಲಿನಲ್ಲಿ ಬಲವಿಲ್ಲ, ನೆನಪು ಬಂದುಹೋಗುತ್ತದೆ, ಬಾಯಿ ಮಾತ್ರ ಗಟ್ಟಿ. ಅವಳ ಗಂಡನೂ ಮೀನಿಗೆ ಹೋದವನು. ಸಣ್ಣ ದೋಣಿ, ನನ್ನಮ್ಮ ಹುಡುಗಿಯಾಗಿದ್ದ ಕಾಲದಲ್ಲಿ ಹೋದದ್ದು ತಿರುಗಿ ಬರಲಿಲ್ಲ. ಪೀ-ಲಿಯೆನ್ ಬಗ್ಗಿ ಎತ್ತುವಾಗ ಫೋನು ಹೋಗಿ ಅಜ್ಜಿಯ ಹಣೆಗೆ ಬಡಿಯಿತಂತೆ.

“ನಿನ್ನ ಗಂಡ ಅಲ್ಲಿಂದ್ಲೇ ನಂಗೆ ಹೊಡೀತಾನಲ್ಲೇ! ತೆಗ್ದು ಅತ್ಲಾಗೆ ನೇತುಹಾಕು ಅವನ್ನ,” ಎಂದು ಅಜ್ಜಿ ಕೂಗಿದಳು. ಅಂದಿನಿಂದ ಬಚ್ಚಲಿನ ಕನ್ನಡಿಯ ಪಕ್ಕ, ಟವೆಲಿನ ಕೊಕ್ಕೆಗೆ ಫೋನು ತೂಗಾಡತೊಡಗಿತು.

ಕರೆ ಬಂದದ್ದು ಅಲ್ಲಿಗೇ. ಅಂದು ಅಜ್ಜಿಯ ತಲೆ ತೊಳೆಯುವ ದಿನ. ಅಜ್ಜಿ ಕೈತೊಳೆಯುವ ಬೇಸಿನ್ನಿನ ಮೇಲೆ ಬಗ್ಗಿ ನಿಂತಿದ್ದಾಳೆ, ತಲೆ ತುಂಬ ನೊರೆ. ಪೀ-ಲಿಯೆನ್ ಹಿಂದಿನಿಂದ ಒಂದು ಕೈಯಲ್ಲಿ ಅವಳ ಸೊಂಟ ಬಳಸಿ ಹಿಡಿದಿದ್ದಾಳೆ. ಬಿಟ್ಟರೆ ಅಜ್ಜಿ ನೆಲಕ್ಕೆ. ಇನ್ನೊಂದು ಕೈ ಮೊಣಕೈವರೆಗೆ ಸೋಪು. ಕೊಕ್ಕೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು, ಆ-ಬೊಕ್‌ನ ಹೆಸರು ಕಾಣುತ್ತಿದೆ.

“ಕೈ ಒರೆಸ್ಕೊಳ್ಳೋಣ ಅಂದ್ರೆ ಟವೆಲಿಗೆ ಕೈ ಎಟುಕ್ತಿಲ್ಲ ಅಕ್ಕಾ. ಮೂರನೇ ಸಲಾನೂ ಹೋಯ್ತು ಅಂದ್ಕೊಂಡೆ,” ಎಂದಳು ಆಮೇಲೆ ನನಗೆ ಹೇಳುವಾಗ.

ಅಷ್ಟರಲ್ಲಿ ಅಜ್ಜಿ, ಸದ್ದು ನಿಲ್ಲಲಿ ಎಂದೋ ಏನೋ, ನೊರೆಯ ಬೆರಳು ಚಾಚಿ ಹಸಿರು ಗುರುತನ್ನು ಒತ್ತಿಬಿಟ್ಟಳು. ಪರದೆಯ ತುಂಬ ಆ-ಬೊಕ್‌ನ ಮುಖ. ಬಿಸಿಲಿಗೆ ಕರಕಲಾಗಿ, ಗಡ್ಡ ಬೆಳೆದು, ಹೆಗಲ ಮೇಲೆ ಎಣ್ಣೆ ಹತ್ತಿದ ಚೌಕದ ಬಟ್ಟೆ. ಪೀ-ಲಿಯೆನ್ ಬಾಯಿ ತೆರೆಯುವ ಮೊದಲೇ ಅಜ್ಜಿ ಗುಡುಗಿದಳು.

“ಏ ಮುದಿ ಕೋತಿ! ಈಗ ನೆನಪಾಯ್ತಾ ಮನೆ?”

ನಮ್ಮ ಕಡೆಯ ಮುದುಕಿಯರು ಗಂಡನನ್ನು ಕರೆಯುವುದೇ ಹಾಗೆ. ಆ-ಬೊಕ್ ತಬ್ಬಿಬ್ಬಾಗಿ, ಅಜ್ಜಿಯ ಹೆಗಲಾಚೆ ಕಾಣುತ್ತಿದ್ದ ಹೆಂಡತಿಯನ್ನು ನೋಡಿದ. ಪೀ-ಲಿಯೆನ್ ತಿದ್ದಬೇಡವೆಂಬಂತೆ ಸಣ್ಣಗೆ ತಲೆಯಾಡಿಸಿದಳು. ಅಜ್ಜಿ ಇಂಥ ಗಳಿಗೆಯಲ್ಲಿ ಯಾರನ್ನು ಯಾರೆಂದುಕೊಂಡರೂ ಅವಳು ತಿದ್ದುವವಳಲ್ಲ.

“ಹ್ಞೂ... ಆಯ್ತು,” ಎಂದ ಆ-ಬೊಕ್.

“ಊಟ ಮಾಡಿದ್ಯಾ?”

“ಮಾಡ್ದೆ. ಅನ್ನ, ಮೀನು.”

“ಸುಳ್ಳು. ಬರೀ ನೂಡಲ್ಸ್ ತಿಂದು ಸೊರಗಿದ್ದೀಯ.”

“ಹ್ಞೂ, ನೂಡಲ್ಸೇ.”

“ನನ್ನ ನೆನಪು ಬರುತ್ತಾ ನಿಂಗೆ? ಇಲ್ಲಾ, ಬಂದರಿಗೊಬ್ಬಳನ್ನ ಇಟ್ಕೊಂಡಿದ್ದೀಯಾ?”

ಅವನ ಹಿಂದೆ ನಿಂತಿದ್ದ ಹಡಗಿನವರು ಗೊಳ್ಳೆಂದು ನಕ್ಕರು. ಅವನು ಚೌಕದಿಂದ ಮುಖ ಒರೆಸಿಕೊಂಡ.

“ಬರುತ್ತೆ.”

“ಕೇಳಿಸ್ಲಿಲ್ಲ!”

“ಬರುತ್ತೆ ಅಂದೆ. ಇಂಜಿನ್ ಪಕ್ಕ ಒಬ್ನೇ ಕೂತಾಗ ಬರುತ್ತೆ. ಉಣ್ಣೋವಾಗ ಬರುತ್ತೆ. ದಿನಾ ಬರುತ್ತೆ.”

“ಹಾಗಾದ್ರೆ ಬೇಗ ಬಾ. ಎಷ್ಟು ಅಂತ ಕಾಯ್ಲಿ?”

“ಬರ್ತೀನಿ ಕಣೆ. ಬಂದೇ ಬರ್ತೀನಿ.”

ಅಷ್ಟರಲ್ಲಿ ಅಲ್ಲಿ ಯಾರೋ ಅವನನ್ನು ಕೂಗಿದರು, ಪರದೆ ಕಪ್ಪಾಯಿತು.

ಇದನ್ನೆಲ್ಲ ಅವಳು ನನ್ನ ಕಾವಲಿಯ ಮುಂದೆ ನಿಂತು ಹೇಳಿದಳು. ನನ್ನ ರೊಟ್ಟಿ ಸೀದು ಹೋಯಿತು. “ಅಯ್ಯೋ ಹುಚ್ಚೀ, ಅಷ್ಟು ಹೊತ್ತು ನೀನೇನು ಅಂದೆ?” ಎಂದು ಕೇಳಿದೆ.

“ನಾನಾ? ಅಜ್ಜಿ ಕಣ್ಣಿಗೆ ನೊರೆ ಇಳೀತಿತ್ತು. ಒರೆಸ್ದೆ.”

“ಒಂದು ಮಾತೂ ಆಡ್ಲಿಲ್ವಾ?”

“ಅಕ್ಕಾ, ಅವನು ಅದನ್ನೆಲ್ಲ ಹೇಳೋವಾಗ ಅಜ್ಜೀನ ನೋಡ್ತಿರಲಿಲ್ಲ.” ಅವಳು ಕೊರಳಿನ ಫೋನನ್ನು ಅಂಗೈಯಲ್ಲಿ ತೂಗಿ ಹಿಡಿದಳು. “ಸಣ್ಣ ಫೋನಾಗಿದ್ರೆ ಆ ಕಣ್ಣು ಯಾರನ್ನ ನೋಡ್ತಿತ್ತು ಅಂತ ಗೊತ್ತೇ ಆಗ್ತಿರಲಿಲ್ಲ.”

ನಾನು ಸೀದ ರೊಟ್ಟಿಯನ್ನು ಕೆರೆದು ತೆಗೆದೆ. ಹೊಟ್ಟೆಕಿಚ್ಚೆನ್ನಿ, ಸಂತೋಷವೆನ್ನಿ, ಆ ಹೊತ್ತು ನನಗೆ ಎರಡೂ ಆಯಿತು. ನನ್ನ ಗಂಡ ದಿನವೂ ಮನೆಯಲ್ಲೇ ಇರುತ್ತಾನೆ, ಟಿವಿ ನೋಡುತ್ತಾನೆ.

ಹಡಗು ಆ ರಾತ್ರಿಯೇ ಬಂದರು ಬಿಟ್ಟಿತು. ಮೊನ್ನೆ ನಾನು ಗಂಜಿ ಒಯ್ದಾಗ ಕ್ವೇ ಅಜ್ಜಿ ಬಚ್ಚಲಿನ ಬಾಗಿಲು ಹಿಡಿದು ನಿಂತಿದ್ದಳು. ಪೀ-ಲಿಯೆನ್ ಅವಳ ತೋಳು ಹಿಡಿದು ಬೇಡುತ್ತಿದ್ದಳು.

“ಅಜ್ಜಿ, ಇವತ್ತು ತಲೆ ತೊಳೆಯೋ ದಿನ ಅಲ್ಲ. ನಿನ್ನೆ ತಾನೆ ತೊಳೆದಿದ್ದೀನಿ. ಶೀತ ಆಗುತ್ತೆ.”

“ತೊಳಿ ಅಂದ್ರೆ ತೊಳಿ! ತಲೆ ತೊಳೆಯೋವಾಗ್ಲೇ ಅವನು ಕರೆಯೋದು.”

ಪೀ-ಲಿಯೆನ್ ನನ್ನ ಮುಖ ನೋಡಿದಳು. ಹಡಗು ನಡುಗಡಲಿನಲ್ಲಿದೆ, ಹೊಸ ವರ್ಷದ ತನಕ ಯಾವ ಕರೆಯೂ ಬಾರದು ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳು ಕೊರಳಿನಿಂದ ಫೋನು ತೆಗೆದು ಕೊಕ್ಕೆಗೆ ತೂಗುಹಾಕಿದಳು, ಪರದೆ ಇಬ್ಬರಿಗೂ ಕಾಣುವಂತೆ ತಿರುಗಿಸಿದಳು, ಆಮೇಲೆ ನೀರಿನ ಬಿಸಿ ನೋಡಲು ನಲ್ಲಿಯ ಕೆಳಗೆ ಕೈ ಹಿಡಿದಳು.