ಪುನಃ ಬಸಳೆಯಾ?

ನಮ್ಮೂರ ಸರಕಾರಿ ಆಸ್ಪತ್ರೆಯ ಸಿಸ್ಟರ ಎಡಗಿವಿ ಯಾವಾಗಲೂ ಕೆಂಪಗಿರುತ್ತಿತ್ತು. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಇನ್ನೊಬ್ಬರ ಬಿ.ಪಿ. ನೋಡುತ್ತಿದ್ದರು. ಫೋನು ಇಲ್ಲದಾಗಲೂ ಕತ್ತು ಆ ಕಡೆಗೇ ವಾಲಿರುತ್ತಿತ್ತು.

ಮಣಿಪಾಲದಲ್ಲಿ ನನ್ನ ಹೃದಯದ ಕವಾಟ ಬದಲಾಯಿಸಿದ ಮೇಲೆ ರಕ್ತ ತೆಳುವಾಗುವ ಮಾತ್ರೆ ಶುರುವಾಯಿತು. ರಕ್ತ ದಪ್ಪವಾದರೆ ಕವಾಟದಲ್ಲಿ ಹೆಪ್ಪುಗಟ್ಟುತ್ತದೆ, ತೀರಾ ತೆಳುವಾದರೆ ಎಲ್ಲಿಂದಾದರೂ ಸೋರುತ್ತದೆ. ಅದಕ್ಕೇ ಆಗಾಗ ಪರೀಕ್ಷೆ. ಹಿರಿಯಡ್ಕದ ಸುತ್ತ ನನ್ನಂಥವರು ಬೇಕಾದಷ್ಟು ಜನ. ಎಲ್ಲರ ರಕ್ತ ತೆಗೆಯುವುದು, ಡಾಕ್ಟರನ್ನು ಕೇಳಿ ಅರ್ಧ ಮಾತ್ರೆಯೋ ಒಂದೋ ಎಂದು ಒಬ್ಬೊಬ್ಬರಿಗೂ ಫೋನು ಮಾಡುವುದು, ಎಲ್ಲ ಸಿಸ್ಟರ್ ಒಬ್ಬರೇ. ಮಕ್ಕಳ ಚುಚ್ಚುಮದ್ದಿನ ದಿನವೂ ಇದಕ್ಕೆ ರಜೆಯಿಲ್ಲ.

ನಾನು ಮಾತಿಗೆ ಅಂಜುವವಳು. ಏನು ಕೇಳಿದರೂ ತಲೆಯಾಡಿಸಿ ಬರುತ್ತಿದ್ದೆ. ಅದನ್ನು ಕಂಡುಕೊಂಡ ಸಿಸ್ಟರ್ ಮಾತ್ರೆಯ ಸುದ್ದಿ ಬಿಟ್ಟು, "ನಿನ್ನೆ ಎಂತ ಪದಾರ್ಥ, ಅಕ್ಕ?" ಎನ್ನತೊಡಗಿದರು. ಅಡುಗೆಯ ವಿಷಯವಾದರೆ ನನಗೂ ಬಾಯಿ ಬರುತ್ತಿತ್ತು, ಹೆಚ್ಚಾಗಿ ಹಿತ್ತಿಲ ಬಸಳೆಯ ಸುದ್ದಿಯೇ.

ಒಮ್ಮೆ ಪಕ್ಕದ ಮನೆಯವರು, "ಆ ಮಾತ್ರೆಗೆ ಸೊಪ್ಪು ಆಗುವುದೇ ಇಲ್ಲ" ಎಂದರು. ಹೆದರಿ ಬಸಳೆ ಚಪ್ಪರವನ್ನೇ ಕಿತ್ತುಹಾಕಿದೆ. ಸ್ವಲ್ಪ ದಿನ ಹೋದ ಮೇಲೆ, ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರತೊಡಗಿತು. ಹೇಳಲು ಸಂಕೋಚ. ಆಗ ಪರೀಕ್ಷೆಯ ವರದಿ ಬಂದು, ಸಂಜೆ ಸಿಸ್ಟರ ಫೋನು. ಅವರ ಹಿಂದೆ ಯಾವುದೋ ಮಗು ಅಳುತ್ತಿತ್ತು.

"ಅಕ್ಕ, ಇವತ್ತು ಎಂತ ಪದಾರ್ಥ?"

"ಟೊಮೆಟೊ ಸಾರು."

"ನಿನ್ನೆ?"

"ಸಾರೇ."

"ನಿಮ್ಮ ಬಸಳೆ ಎಲ್ಲಿ ಹೋಯಿತು ಮಾರಾಯ್ರೆ?"

"ಕಿತ್ತೆ."

"ಅಯ್ಯೋ ದೇವರೇ! ನೀವು ಬಸಳೆ ತಿಂತೀರಿ ಅಂತ ನೋಡಿಯೇ ಅಲ್ವಾ ಡಾಕ್ಟ್ರು ಮಾತ್ರೆ ಇಷ್ಟು ಅಂತ ಹೇಳಿದ್ದು! ಸೊಪ್ಪು ಬಿಟ್ರೆ ಅದೇ ಮಾತ್ರೆಗೆ ರಕ್ತ ತೀರಾ ತೆಳುವಾಗ್ತದೆ. ಎಲ್ಲಿಯಾದ್ರೂ ರಕ್ತ ಬರ್ತಾ ಉಂಟಾ?"

ಹೇಳಿದೆ. ಫೋನು ಇಡಬೇಡಿ ಎಂದವರು ಹೋಗಿ ಡಾಕ್ಟರನ್ನು ಕೇಳಿ ಬಂದರು. "ಇವತ್ತಿನ ಮಾತ್ರೆ ಬೇಡ. ಈಗಲೇ ರಿಕ್ಷಾ ಹಿಡಿದು ಬನ್ನಿ. ಆ ಟೊಮೆಟೊ ಸಾರು ತರಬೇಡಿ, ಆಯ್ತಾ?"

ಅಷ್ಟು ಹೆದರಿಕೆಯಲ್ಲೂ ನಗು ಬಂತು.

ರಕ್ತ ಹದಕ್ಕೆ ಬಂದ ಮೇಲೆ ತಮ್ಮ ಮನೆಯ ಬಸಳೆ ದಂಟು ತಂದುಕೊಟ್ಟರು. "ಬಿಡುವುದೂ ಬೇಡ, ಒಂದೇ ದಿನ ಚಪ್ಪರ ಖಾಲಿ ಮಾಡುವುದೂ ಬೇಡ. ಪ್ರತಿ ವಾರವೂ ಒಂದೇ ಹಾಗೆ ಇರಲಿ" ಎಂದರು. ಬಾವಿಯ ಹತ್ತಿರ ಈಗಿರುವ ಚಪ್ಪರ ಅದೇ ದಂಟಿನದು.

ನಿವೃತ್ತರಾಗಿ ಅವರೀಗ ಕಾಪುವಿನಲ್ಲಿದ್ದಾರೆ. ಮೊನ್ನೆ ಮದುವೆಯೊಂದರಲ್ಲಿ ಸಿಕ್ಕಿದರು. ಕಿವಿಯ ಕೆಂಪು ಹೋಗಿದೆ, ಕತ್ತು ಮಾತ್ರ ಇನ್ನೂ ವಾಲಿಕೊಂಡೇ ಇದೆ. ನನ್ನನ್ನು ಕಂಡದ್ದೇ, "ನಿನ್ನೆ ಎಂತ ಪದಾರ್ಥ?" ಎಂದರು.

ಮಕ್ಕಳೇ, ಸೋಮವಾರ, ಗುರುವಾರ ತಟ್ಟೆ ನೋಡಿ, "ಅಜ್ಜಿ, ಪುನಃ ಬಸಳೆಯಾ?" ಎಂದು ಮುಖ ಸೊಟ್ಟ ಮಾಡುತ್ತೀರಲ್ಲ, ಮಾಡಿ. ಅದನ್ನು ನೋಡಲು ನಾನು ಉಳಿದದ್ದು ಆ ಸಿಸ್ಟರಿಂದ.