ಭೂಪಾಲ ಕಾಕಾರ ಉಗುರು

ಭೂಪಾಲ ಕಾಕಾ ಬಲಗೈ ಹೆಬ್ಬೆರಳಿನ ಉಗುರನ್ನು ಪೂರ್ತಿ ಕತ್ತರಿಸುತ್ತಿರಲಿಲ್ಲ. ಉಳಿದ ಒಂಬತ್ತು ಉಗುರುಗಳು ಒಪ್ಪವಾಗಿರುತ್ತಿದ್ದವು, ಇದೊಂದು ಮಾತ್ರ ಹಳದಿಗಟ್ಟಿ ಬೆರಳಿನಿಂದ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಮದುವೆಯಾಗಿ ಕಬನೂರಿನಿಂದ ಗಡಹಿಂಗ್ಲಜಕ್ಕೆ ಬಂದ ಹೊಸತರಲ್ಲಿ, ಪಕ್ಕದ ಮನೆಯ ಇಷ್ಟು ಅಚ್ಚುಕಟ್ಟಾದ ಹಿರಿಯರು ಅದೊಂದನ್ನು ಯಾಕೆ ಹೀಗೆ ಬಿಟ್ಟಿದ್ದಾರೆಂದು ನನಗೆ ಕಿರಿಕಿರಿಯಾಗುತ್ತಿತ್ತು. ಅದು ಅವರ ಕಸುಬಿನ ಸಲಕರಣೆ ಎಂದು ಆಮೇಲೆ ತಿಳಿಯಿತು.

ಅವರು ಗುಡ್ಡದ ಮೇಲಿನ ಬಾಕ್ಸೈಟ್ ಗಣಿಯೊಂದರಲ್ಲಿ ಕಲ್ಲಿನ ಮಾದರಿಗಳನ್ನು ಆರಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಕೆಲಸ ಬಿಟ್ಟರೂ ಕಲ್ಲಿನ ಚಟ ಬಿಟ್ಟಿರಲಿಲ್ಲ. ಯಾವುದೇ ಕಲ್ಲು ಕೈಗೆ ಬರಲಿ, ಮೊದಲು ಕಣ್ಣು ಮುಚ್ಚಿ ಅಂಗೈಯಲ್ಲಿ ತೂಗುತ್ತಿದ್ದರು. ಆಮೇಲೆ ಉಗುರಿನಿಂದ ಗೀರುವುದು. ಉಗುರಿಗೆ ಬಗ್ಗದಿದ್ದರೆ ತಾಮ್ರದ ಹಳೇ ನಾಣ್ಯ, ಅದಕ್ಕೂ ಬಗ್ಗದಿದ್ದರೆ ಜೇಬಿನ ಚಾಕು. ಚಾಕೂ ಸೋತರೆ ಆ ಕಲ್ಲಿನಿಂದಲೇ ಗಾಜಿನ ಬಾಟಲಿಯನ್ನು ಗೀರಿ ನೋಡುವುದು. ಕೊನೆಗೆ ಬಚ್ಚಲಿನ ಒಡೆದ ಟೈಲ್ಸಿನ ಹಿಂಬದಿಗೆ ತಿಕ್ಕಿ ಪುಡಿಯ ಬಣ್ಣ ನೋಡುತ್ತಿದ್ದರು.

"ಕಲ್ಲ ಕರ್ರಗ ಇದ್ರೂ ಅದರ ಪುಡಿ ಕೆಂಪ ಇರತೈತಿ ತಂಗೆವ್ವಾ. ಕಣ್ಣ ಭಾಳ ಸುಳ್ಳ ಹೇಳತಾವ. ಗೀರಿ ನೋಡಬೇಕ," ಎನ್ನುತ್ತಿದ್ದರು.

ಅತ್ತೆಯವರು ಮಧ್ಯಾಹ್ನ ಅಡ್ಡಾದ ಹೊತ್ತಿನಲ್ಲಿ ನಾನು ಅವರ ಪಡಸಾಲೆಯಲ್ಲಿ ಕೂತು ಕಲಿಯತೊಡಗಿದೆ. ಒಮ್ಮೆ ಅಂಗಡಿಯಿಂದ ತಂದ ಸೈಂಧವ ಉಪ್ಪಿನ ಗಟ್ಟಿಯನ್ನೂ ಬೆಣಚುಕಲ್ಲನ್ನೂ ಮುಂದಿಟ್ಟರು. ಉಪ್ಪನ್ನು ನಾಲಿಗೆಯಿಂದಲೇ ಗುರುತಿಸಬೇಕೆಂದು ಹೇಳಿ, ತಾವು ನೆಕ್ಕಲು ಹೋಗಿ ತಟ್ಟನೆ ನಿಂತರು. "ಇವತ್ತ ಚತುರ್ದಶಿ, ನಂದ ಉಪಾಸ. ನೀನ ನೆಕ್ಕವ್ವಾ," ಎಂದರು. ನಾನು ಉಪ್ಪು ಬಿಟ್ಟು ಬೆಣಚುಕಲ್ಲನ್ನೇ ನೆಕ್ಕಿದೆ. ಅವತ್ತು ಅವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಮಹಾಗಾಂವದ ರೈತನೊಬ್ಬ ಬಾವಿ ತೋಡುವಾಗ ಸಿಕ್ಕ ಮಿರಿಮಿರಿ ಹರಳುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದ. ವಜ್ರ ಇರಬಹುದೆಂಬ ಆಸೆ ಅವನಿಗೆ. ಕಾಕಾ ಒಂದು ಹರಳಿನಿಂದ ಬಾಟಲಿಯನ್ನು ಕರ್ರೆಂದು ಗೀರಿದರು. ರೈತನ ಮುಖ ಅರಳಿತು. "ಗಾಜ ಕೊರದಿದ್ದೆಲ್ಲಾ ಹೀರಾ ಅಲ್ರಿ, ಇದು ಗಾರಗೋಟಿ, ಬೆಣಚಕಲ್ಲ. ಆದ್ರ ಎಷ್ಟ ಛಂದ ಐತಿ ನೋಡ್ರಿ, ಮಕ್ಕಳಿಗೆ ತೋರಸ್ರಿ," ಎಂದು ಚಹಾ ಕುಡಿಸಿ ಕಳಿಸಿದರು. ಅವನು ಹೋದ ಮೇಲೆ ನನಗೆ ಅದೇ ರೀತಿ ಕಾಣುವ ಇನ್ನೊಂದು ಹರಳು ತೋರಿಸಿದರು. ಅದು ಕ್ಯಾಲ್ಸೈಟ್. ಗಾಜನ್ನು ಗೀರುವುದಿಲ್ಲ, ಚಾಕುವಿಗೇ ಸೋಲುತ್ತದೆ, ಒಡೆದರೆ ಓರೆಓರೆಯಾಗಿ ಸೀಳುತ್ತದೆ. ಅದರ ಪುಡಿಗೆ ಲಿಂಬೆ ಹಿಂಡಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಸುಣ್ಣದ ಜಾತಿಯದು, ಹುಳಿಗೆ ಕರಗುತ್ತದೆ.

ನಮ್ಮ ದೇವರ ಜಗಲಿಯ ಮೇಲೆ ಒಂದು ಸ್ಫಟಿಕದ ಲಿಂಗವಿತ್ತು. ಅತ್ತೆಯ ತಂದೆ ಕಾಶಿಯಿಂದ ತಂದದ್ದು. ಅತ್ತೆ ಪ್ರತಿ ಸೋಮವಾರ ಹಿತ್ತಾಳೆಯ ದೀಪದ ಸಮೆಯಂತೆಯೇ ಅದನ್ನೂ ಲಿಂಬೆಹೋಳಿನಿಂದ ತಿಕ್ಕುತ್ತಿದ್ದರು. ತಿಕ್ಕಿದಷ್ಟೂ ಅದು ಮಬ್ಬಾಗುತ್ತಿತ್ತು. ಮಬ್ಬಾಯಿತೆಂದು ಇನ್ನಷ್ಟು ತಿಕ್ಕುತ್ತಿದ್ದರು.

ಒಂದು ದಿನ ಅತ್ತೆ ಕಾಕಾರನ್ನು ಕರೆದು ಇದು ಯಾಕೆ ಹೀಗಾಗಿದೆ ನೋಡಿ ಎಂದು ಹೇಳಿ, ಚಹಾ ಇಡಲು ಒಳಗೆ ಹೋದರು. ಕಾಕಾ ಕಣ್ಣು ಮುಚ್ಚಿ ಅದನ್ನು ತೂಗಿದರು. ಬುಡ ಮೇಲೆ ಮಾಡಿ ಹಿಡಿ ಎಂದರು, ನಾನು ಹಿಡಿದೆ. ಚಾಕುವಿನ ತುದಿಯಿಂದ ಬುಡದಲ್ಲಿ ಕೂದಲೆಳೆಯಷ್ಟು ಗೀರಿದರು. ಬಿಳಿ ಪುಡಿ ಬಂತು. ಲಿಂಬೆಯ ಒಂದು ಹನಿಗೆ ಗುಳ್ಳೆಯೂ ಎದ್ದಿತು. ಅದನ್ನು ನಾನೂ ಕಣ್ಣಾರೆ ನೋಡಿದೆ. ಅಷ್ಟರಲ್ಲಿ ಅತ್ತೆ ಕಪ್ಪುಬಸಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಮ್ಮ ದೇವರ ಮೈಗೆ ಚಾಕು ಹಚ್ಚೀರೇನ್ರಿ ಅಣ್ಣಾರ?"

"ಕೇಳಿ ಮಾಡಬೇಕಿತ್ರಿ ವೈನಿ, ತಪ್ಪಾತು. ಆದ್ರ ಇದು ಸ್ಫಟಿಕ ಅಲ್ರಿ. ಹುಳಿ ಹಚ್ಚಬ್ಯಾಡ್ರಿ, ಸವದ ಹೊಕ್ಕೈತಿ."

ಅತ್ತೆ ಕಪ್ಪುಬಸಿ ಕೆಳಗಿಟ್ಟರು. ನನ್ನ ಕಡೆ ತಿರುಗಿದರು. "ನೀ ಇವರ ಕಡೆ ಕಲತೀದಿಯಲ್ಲ. ನೀ ಹೇಳು. ಇವರ ಮಾತ ಖರೇನ?"

ಲಿಂಗ ಇನ್ನೂ ನನ್ನ ಕೈಯಲ್ಲೇ ಇತ್ತು. ಹೌದು ಎಂದರೆ ಗೀರಿದ ತಪ್ಪಿನಲ್ಲಿ ನನಗೂ ಪಾಲು ಬರುತ್ತದೆ ಎಂದು ಹೆದರಿದೆ. "ನನಗ ತಿಳಿಯಂಗಿಲ್ರಿ ಅತ್ತಿ," ಎಂದೆ.

ಇವಳೂ ಗುಳ್ಳೆ ನೋಡಿದ್ದಾಳೆ ಎಂದು ಕಾಕಾ ಹೇಳಬಹುದಿತ್ತು. ಹೇಳಲಿಲ್ಲ. ಚಾಕು ಮಡಚಿ ಜೇಬಿಗೆ ಹಾಕಿಕೊಂಡು ಚಹಾ ಕುಡಿಯದೆ ಎದ್ದು ಹೋದರು. ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ನಾನೂ ಅವರ ಪಡಸಾಲೆಗೆ ಹೋಗುವುದನ್ನು ಬಿಟ್ಟೆ. ಯಾವ ಮುಖ ಹೊತ್ತು ಹೋಗಲಿ? ಸೋಮವಾರದ ಲಿಂಬೆ ಮಾತ್ರ ತಪ್ಪಲಿಲ್ಲ.

ಮುಂದೆ ಅವರು ಇಚಲಕರಂಜಿಗೆ ಮಗಳ ಮನೆಗೆ ಹೋದರು. ಕೆಲ ವರ್ಷಗಳ ಮೇಲೆ ಹಾತಕಣಂಗಲೆ ಸ್ಟೇಶನ್ನಿನಲ್ಲಿ ಸಿಕ್ಕರು. ಮೊದಲಿನ ಹಾಗೆಯೇ "ತಂಗೆವ್ವಾ" ಎಂದು ಕರೆದರು. ಹೆಬ್ಬೆರಳಿನ ಉಗುರು ಬೋಳಾಗಿತ್ತು. ಮೊಮ್ಮಗಳಿಗೆ ಚುಚ್ಚುತ್ತದೆಂದು ಮಗಳು ಕತ್ತರಿಸಿದ್ದಳಂತೆ. ಗಾಡಿ ಬರುವ ಹೊತ್ತಿಗೆ ಮೆಲ್ಲಗೆ ಕೇಳಿದರು, "ವೈನಿ ಲಿಂಬಿ ಹಚ್ಚೂದು ಬಿಟ್ಟಾರೇನವ್ವಾ?"

"ಬಿಟ್ಟಾರ್ರಿ ಕಾಕಾ," ಎಂದು ಮತ್ತೊಮ್ಮೆ ಸುಳ್ಳು ಹೇಳಿದೆ.

"ಛಲೋ ಆತು. ಹಿರ್ಯಾರ ಕಾಲದ್ದು ಅದು, ಉಳೀಲಿ," ಎಂದವರ ಮುಖದಲ್ಲಿ ನಿಜವಾದ ಸಮಾಧಾನವಿತ್ತು. 

ಹೋದ ವರ್ಷ ಅವರ ಮಗಳು ಫೋನ್ ಮಾಡಿ ಕಾಕಾ ತೀರಿಕೊಂಡ ಸುದ್ದಿ ಹೇಳಿದಳು. ಅದರ ಮರುದಿನ ಸೋಮವಾರ. ಅತ್ತೆ ಲಿಂಬೆಹೋಳು ಕೈಗೆತ್ತಿಕೊಂಡಾಗ ಅವರ ಕೈ ಹಿಡಿದು ಎಲ್ಲವನ್ನೂ ಹೇಳಿದೆ. ಬಿಳಿ ಪುಡಿ ಬಂದದ್ದು, ನನ್ನ ಕಣ್ಣೆದುರೇ ಗುಳ್ಳೆ ಎದ್ದದ್ದು, ಸ್ಟೇಶನ್ನಿನಲ್ಲಿ ಹೇಳಿದ ಸುಳ್ಳು, ಎಲ್ಲ. ಅತ್ತೆ ಬೈಯಲಿಲ್ಲ. ಲಿಂಬೆಯನ್ನು ಬದಿಗಿಟ್ಟು, ತುದಿ ಸವೆದು ತಗ್ಗಾದ ಲಿಂಗವನ್ನು ಬರೀ ನೀರಿನಿಂದ ತೊಳೆದು, ಸೆರಗಿನಿಂದ ಒರೆಸಿ ಜಗಲಿಯ ಮೇಲಿಟ್ಟರು.

"ಅವತ್ತ ನಾ ಅವರಿಗೆ ಕೇಳಲಿಲ್ಲ, ನಿನಗ ಕೇಳಿದ್ನಿ," ಎಂದರು. "ನೀ ಹೌದ ಅಂದಿದ್ರ ಅವತ್ತ ಬಿಡತಿದ್ನಿ."